ಚಪ್ಪಾಳೆ ಸಂಬಳ

"ಲೇ ಪೆದ್ದಿ, ಮೂಲೆಗೆ ಮೂಲೆ ಸೇರ್ಸೇ! ತಲೇಲಿ ಏನು ಸಗಣಿ ತುಂಬ್ಕೊಂಡಿದೀಯಾ?"

ಧಣಿ ಬೈದದ್ದು ನನಗೆ. ಹೊದಿಕೆಯ ಮೂಲೆ ಸೇರಿಯೇ ಇತ್ತು. ಬೈಯದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಆಸ್ಪತ್ರೆಗಳ ಹೊದಿಕೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಜಾಗ ಇದು. ಮಡಚುವವರು ನಾವು, ಬುದ್ಧಿ ನಿಧಾನ ಎಂದು ಊರೆಲ್ಲ ಕರೆಯುವವರು. ನನ್ನ ತಲೆ ಅರ್ಧ ನೆರೆತಿದೆ. ಅವನ ಬಾಯಲ್ಲಿ ಮಾತ್ರ ನಾವಿನ್ನೂ 'ಮಕ್ಕಳು'. ಸಂಬಳದ ದಿನ ಒಗೆಯುವವರಿಗೆ ಲಕೋಟೆ. ನಮ್ಮನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾನೆ. "ಭೇಷ್, ಪುಟ್ಟಾ!" ಅಂತ ಕೆನ್ನೆ ಹಿಂಡಿ ಒಂದೊಂದು ಪೆಪ್ಪರಮೆಂಟು ಕೊಡುತ್ತಾನೆ. ನಾವು ತರಬೇತಿಯಲ್ಲಿದ್ದೇವಂತೆ. ನಾನು ಸೇರಿದಾಗ ಹುಟ್ಟಿದ ಅಣ್ಣನ ಮಗಳು ಹೈಸ್ಕೂಲೇ ಮುಗಿಸಿದಳು.

ಮನೆಯಲ್ಲಿ ಅತ್ತಿಗೆ ನನ್ನ ತಟ್ಟೆಯನ್ನು ಕುಕ್ಕಿಯೇ ಇಡುತ್ತಾಳೆ. "ದುಡಿಯೋಕೆ ಹೋಗ್ತಾಳಂತೆ ಮಹಾರಾಣಿ! ಚಪ್ಪಾಳೆ ಬೇಯ್ಸಿ ತಿನ್ನೋಕಾಗುತ್ತಾ?"

ಸುಳ್ಳೇನಿದೆ ಅದರಲ್ಲಿ? ಅದಕ್ಕೇ ಹೊಟ್ಟೆ ಉರಿಯುತ್ತದೆ.

ನಮ್ಮಂಥವರಿಗೆ ಕೆಲಸ ಕೊಡಿಸುವ ಹುಡುಗಿಯೊಬ್ಬಳು ನಿನ್ನೆ ಬಂದಿದ್ದಳು.

"ತರಬೇತಿ ಯಾವತ್ತೋ ಮುಗೀತು ಸಾರ್. ಒಗೆಯೋರಿಗೆ ಕೊಟ್ಟಷ್ಟೇ ಇವ್ರಿಗೂ ಕೊಡಿ. ಇಲ್ಲಾಂದ್ರೆ ಕೊಡೋ ಕಡೆ ಕರ್ಕೊಂಡು ಹೋಗ್ತೀನಿ."

ಧಣಿ ಬಿದ್ದು ಬಿದ್ದು ನಕ್ಕ. "ಈ ಪೆದ್ದುಮುಂಡೇವಕ್ಕೆ ಸಂಬಳ ಬೇರೆ ಕೇಡು! ಮಡಚೋದೇನು ಮಹಾ ವಿದ್ಯೆನಾ? ಮಂಗನೂ ಮಡಚುತ್ತೆ. ನಡಿಯಮ್ಮ ಆಚೆ."

ಅವಳು ಹೋಗುವಾಗ ನನ್ನ ಕಡೆ ತಿರುಗಿದಳು. "ನಿಮಗೇನು ಬೇಕಕ್ಕಾ?"

ನನ್ನನ್ನು 'ನೀವು' ಅಂದವಳು ಅವಳೊಬ್ಬಳೇ. ನನ್ನ ನಾಲಗೆ ತೊದಲುತ್ತದೆ. ಮಾತು ಹೊರಡುವಷ್ಟರಲ್ಲಿ ಧಣಿ ಗೇಟು ಮುಚ್ಚಿಸಿದ.

ಇವತ್ತು ಬೈಗುಳ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಲಾರಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ನಾನು ಹೊದಿಕೆ ಕೆಳಗಿಟ್ಟು ನೆಲದ ಮೇಲೆ ಕೂತೆ. ನನ್ನೆದುರು ಮೂಲೆ ಹಿಡಿಯುವ ಗುಂಡಣ್ಣನೂ ಕೂತ. ಒಬ್ಬೊಬ್ಬರಾಗಿ ಮಡಚುವವರೆಲ್ಲರೂ ಕೂತರು.

"ಏಳ್ರೋ ಬೋಳಿಮಕ್ಳಾ!"

"ಸಂ... ಸಂಬಳ," ಅಂದೆ.

"ನಿಮ್ಮಪ್ಪ ಕೊಡ್ತಾನಾ? ನೀವಿಲ್ದೆ ನಡೆಯಲ್ವಾ ಇಲ್ಲಿ? ನಾನೇ ಮಡಚ್ತೀನಿ, ನೋಡ್ರೋ!"

ತೋಳೇರಿಸಿ ಒಂದನ್ನು ಎತ್ತಿದ. ಇಬ್ಬರು ಹಿಡಿಯುವ ಬಟ್ಟೆ ಅದು. ಈ ಮೂಲೆ ಹಿಡಿದರೆ ಆ ಮೂಲೆ ನೆಲ ಗುಡಿಸಿತು. ಬೆವರಿದ. ಅದನ್ನೇ ತುಳಿದು ಮುಗ್ಗರಿಸಿದ. ಕೊನೆಗೆ ಉಂಡೆ ಸುತ್ತಿ ಎದೆಗೆ ಅವುಚಿಕೊಂಡು ನಿಂತ. ಹೊರಗೆ ಹಾರ್ನ್ ನಿಲ್ಲಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವನು ಗುಂಡಣ್ಣ. ಆಮೇಲೆ ನಾವೆಲ್ಲ. ಒಗೆಯುವವರು ಯಂತ್ರ ನಿಲ್ಲಿಸಿ ನೋಡಿದರು.

ನಾನು ಎದ್ದು ಹೋಗಿ ಅವನ ಕೆನ್ನೆ ಹಿಂಡಿದೆ. ಹೋದ ಸಂಬಳದ ದಿನ ಅವನೇ ಕೊಟ್ಟ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೆಪ್ಪರಮೆಂಟು ತೆಗೆದು ಅವನ ಜೇಬಿಗೆ ಹಾಕಿದೆ. ನಾಲಗೆ ತೊದಲಲಿಲ್ಲ.

"ಭೇಷ್, ಪುಟ್ಟಾ! ತಗೋ, ನಿನ್ನ ಸಂಬಳ."