ತೊಂಬತ್ತೈದು ಕಿಲೋ

ಗೋದಾಮಿನಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಅಂತಲೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಕಾಳಿನ ಚೀಲವನ್ನು ಒಂದು ಸಲ ಎತ್ತಿ ಇಳಿಸಿದರೆ ಸಾಕು, ಇಪ್ಪತ್ತೈದು ಕಿಲೋಗೆ ಕಾಲು ಕಿಲೋ ಕಡಿಮೆಯೋ ಜಾಸ್ತಿಯೋ ಬಾಯಲ್ಲೇ ಹೇಳಿಬಿಡುತ್ತಿದ್ದಳು. ಆಮೇಲೆ ಚೀಲ ತಕ್ಕಡಿಗೆ ಹೋದರೆ ಮುಳ್ಳು ಅವಳು ಹೇಳಿದಲ್ಲಿಗೇ ಬಂದು ನಿಲ್ಲುತ್ತಿತ್ತು. ಹೊಸದಾಗಿ ಸೇರಿದ ಹಮಾಲರು ಅವಳ ಹತ್ತಿರ ಟೀ ಪಂದ್ಯ ಕಟ್ಟಿ ಸೋಲುವುದು ಅಲ್ಲಿ ಮಾಮೂಲು. "ತಕ್ಕಡಿ ಕೆಟ್ಟರೂ ಚಿಂತೆಯಿಲ್ಲ, ತೂಕದಕ್ಕ ರಜಾ ಹಾಕಬಾರದು ಅಷ್ಟೇ," ಅನ್ನುತ್ತಿದ್ದ ಮೇಸ್ತ್ರಿ.

ಆ ತಕ್ಕಡಿಯೂ ಅಂತಿಂಥದ್ದಲ್ಲ. ನೆಲದಿಂದ ಒಂದು ಗೇಣು ಎತ್ತರಕ್ಕೆ ಕಬ್ಬಿಣದ ಹಲಗೆ, ಆರು ಜನ ಆರಾಮಾಗಿ ನಿಲ್ಲಬಹುದು. ಪಕ್ಕದ ಕಂಬದ ಮೇಲೆ ಗೋಡೆ ಗಡಿಯಾರದಂಥ ಮುಖ, ಅದಕ್ಕೊಂದೇ ಮುಳ್ಳು. ಎರಡು ತಿಂಗಳಿಗೊಂದು ಭಾನುವಾರ ಅದರ ಮೇಲೆ ಚೀಲಗಳ ಬದಲು ಸಂಸಾರಗಳು ಹತ್ತುತ್ತಿದ್ದವು.

ಇದು ಬಡಾವಣೆಯ ನರ್ಸಮ್ಮನ ತಲೆಯಿಂದ ಬಂದದ್ದು. ಮೊದಲು ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗುತ್ತಿದ್ದರು. ಅರ್ಧ ತರಗತಿ ವಯಸ್ಸಿಗೆ ಮೀರಿ ದಪ್ಪ. ಹೆಸರು ಕೂಗಿ ತೂಕ ಕೂಗಿದರೆ ಆ ಮಗು ತಲೆ ತಗ್ಗಿಸಿ ಇಳಿಯೋದು, ಉಳಿದವು ಕಿಸಕ್ಕನೆ ನಗೋವು. ಒಂದು ಹುಡುಗಿ ತೂಕದ ದಿನ ಶಾಲೆಯ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಸಂಜೆವರೆಗೂ ಹೊರಗೆ ಬರಲಿಲ್ಲ. ಅವತ್ತು ನರ್ಸಮ್ಮನಿಗೆ ಪಿತ್ತ ನೆತ್ತಿಗೇರಿತು. "ಮಗು ಒಂದೇ ದಪ್ಪ ಆಗೋದಿಲ್ಲ ರೀ, ಮನೆ ದಪ್ಪ ಆಗಿರುತ್ತೆ. ತೂಗೋದಾದ್ರೆ ಮನೇನೇ ತೂಗೋಣ!" ಅಂದರು. ಒಂದು ಮನೆ, ಒಂದು ಸಂಖ್ಯೆ, ಒಂದು ಕಾರ್ಡು. ಒಳಗೆ ಯಾರದ್ದೆಷ್ಟು ಅಂತ ಯಾರೂ ಕೇಳುವ ಹಾಗಿಲ್ಲ.

ಸುಳ್ಳು ಯಾಕೆ ಹೇಳಬೇಕು, ಕೆಲಸ ಚೆನ್ನಾಗಿಯೇ ನಡೆಯಿತು. ಶಾಲೆ ಗೇಟಿನ ಮುಂದೆ ಕರಿದದ್ದು ಮಾರುತ್ತಿದ್ದ ಗಾಡಿ ಹಣ್ಣಿನ ಗಾಡಿಯಾಯಿತು. ಸಂಜೆಯಾದರೆ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಮೈದಾನ ಸುತ್ತತೊಡಗಿದರು. ಬಸ್ ಡ್ರೈವರೊಬ್ಬ ಅತ್ತೆಯನ್ನು ಮನೆಯಲ್ಲೇ ಬಿಟ್ಟು ಬಂದು, "ನಮ್ಮನೇಲಿ ಒಂದೇ ಏಟಿಗೆ ಎಂಬತ್ತು ಕಿಲೋ ಇಳೀತು!" ಅಂತ ಮೀಸೆ ತಿರುವಿದ. "ಹೋಗಿ ಅವರನ್ನ ಕರ್ಕೊಂಡು ಬಾರಪ್ಪ, ಮಹಾ ಜಾಣ," ಅಂತ ನರ್ಸಮ್ಮ ಅಟ್ಟಿದಾಗ ನಕ್ಕವರಲ್ಲಿ ತೂಕದಕ್ಕನೂ ಇದ್ದಳು. ಆಗ ಅವಳಿಗೆ ನಗು ಬರುತ್ತಿತ್ತು.

ಅವಳ ಮನೆಯ ಕಾರ್ಡಿನಲ್ಲಿ ಮೊದಲ ಸಂಖ್ಯೆ ನೂರ ಎಪ್ಪತ್ತೊಂದು. ಬೀಗ ರಿಪೇರಿ ಮಾಡುವ ಗಂಡ, ಅವಳು, ಎಂಟು ವರ್ಷದ ಮಗಳು ಪುಟ್ಟಿ. ಎರಡನೇ ಸಲ ನೂರ ಐವತ್ತೇಳು. ಹದಿನಾಲ್ಕು ಕಿಲೋ ಇಳಿಕೆ! ಗೋದಾಮು ತುಂಬ ಚಪ್ಪಾಳೆ. ಇಳಿದದ್ದೆಲ್ಲ ಗಂಡನದ್ದೇ. "ಮೈದಾನ ಸುತ್ತಿದ್ದು ಫಲ ಕೊಡ್ತು ನೋಡು," ಅಂತ ಅವನು ಸಡಿಲವಾದ ಬೆಲ್ಟನ್ನು ಎಲ್ಲರಿಗೂ ತೋರಿಸಿದ್ದ. ಅದು ಮೈದಾನದ ಫಲವಲ್ಲ, ಹೊಟ್ಟೆಯೊಳಗೆ ಕೂತಿದ್ದ ರೋಗದ್ದು ಅಂತ ತಿಳಿಯುವ ಹೊತ್ತಿಗೆ ತಿಂಗಳು ಕಳೆದಿತ್ತು. ಆಸ್ಪತ್ರೆ ಸೇರಿದ ನಾಲ್ಕನೇ ದಿನ ಹೋಗಿಬಿಟ್ಟ. ಅವತ್ತು ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಪುಟ್ಟಿಯನ್ನು ತೂಕದಕ್ಕ ಎತ್ತಿಕೊಂಡು ಮನೆಗೆ ಬಂದಳು. ಮೂವತ್ತನಾಲ್ಕು ಕಿಲೋ ಅಂತ ಕೈ ತನ್ನಷ್ಟಕ್ಕೆ ಹೇಳಿತು. ಅಂಥ ಹೊತ್ತಿನಲ್ಲೂ ಕೈಗೆ ನಾಚಿಕೆಯಿಲ್ಲ.

ಮುಂದಿನ ತೂಕದ ಭಾನುವಾರ ಹೊಸ ಹುಡುಗಿಯೊಬ್ಬಳು ಕಾರ್ಡು ಬರೆಯಲು ಬಂದಿದ್ದಳು, ಪಾಪ, ಏನೂ ಗೊತ್ತಿಲ್ಲದವಳು. ತಾಯಿ ಮಗಳು ಹಲಗೆ ಹತ್ತಿದರು. ತೊಂಬತ್ತೈದು. ಹುಡುಗಿ ಹಳೆಯ ಸಂಖ್ಯೆ ನೋಡಿ, ಕಳೆದು, "ಅಬ್ಬಬ್ಬಾ, ಅರವತ್ತೆರಡು ಕಿಲೋ ಇಳಿಕೆ! ಭೇಷ್ ಅಕ್ಕ!" ಅಂತ ಕೂಗಿಯೇಬಿಟ್ಟಳು. ತೂಕದಕ್ಕ "ಥ್ಯಾಂಕ್ಸ್ ಕಣಮ್ಮ" ಅಂದು ಇಳಿದಳು.

ಅವಳು ಅಳಲಿಲ್ಲ. ಗಟ್ಟಿಗಿತ್ತಿ ಅಂದರು ಕೆಲವರು, ಕಲ್ಲು ಅಂದರು ಇನ್ನು ಕೆಲವರು. ಎರಡೂ ಅಲ್ಲ, ಮನಸ್ಸಿಗೆ ಜೋಮು ಹಿಡಿದಿತ್ತು. ಕಾಲಿಗೆ ಜೋಮು ಹಿಡಿದರೆ ನೆಲಕ್ಕೆ ಕುಟ್ಟಬಹುದು. ಮನಸ್ಸನ್ನು ಎಲ್ಲಿ ಕುಟ್ಟುವುದು? ಬೆಳಿಗ್ಗೆ ಎದ್ದು ಗಂಡನ ದಪ್ಪ ಕೋಟು ತೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು, ಚೀಲ ಎತ್ತುತ್ತಿದ್ದಳು, ಯಾರಾದರೂ ಕೈಗಿಟ್ಟ ಟೀ ಬನ್ನು ನುಂಗುತ್ತಿದ್ದಳು, ಬರುತ್ತಿದ್ದಳು. ಅಕ್ಕಿ ಬೇಯಿಸಿ, ತರಕಾರಿ ಬೇಯಿಸಿ, ಎರಡು ತಟ್ಟೆಗೆ ಬಡಿಸುತ್ತಿದ್ದಳು. ತಟ್ಟೆಯ ಮುಂದೆ ಕೂತು ಗೋಡೆಯ ಮೇಲಿನ ನಲ್ಲಿಯನ್ನು ನೋಡುತ್ತಿದ್ದಳು. ಎಷ್ಟು ಹೊತ್ತೋ ದೇವರೇ ಬಲ್ಲ. ಮತ್ತೆ ಕೆಳಗೆ ನೋಡಿದರೆ ತಟ್ಟೆ ಖಾಲಿಯಾಗಿರುತ್ತಿತ್ತು. ಓ, ತಿಂದಾಯ್ತು ಅಂದುಕೊಂಡು ಎದ್ದು ತೊಳೆದಿಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ತೊಂಬತ್ತೈದು. ಮತ್ತೆರಡು ತಿಂಗಳಿಗೆ ತೊಂಬತ್ತಾರು. ಮತ್ತೆ ತೊಂಬತ್ತೈದು. ಕಣ್ಣಿದ್ದವರಿಗೆ ಏನೂ ಕಾಣಲಿಲ್ಲವೇ ಅಂತ ಕೇಳಬೇಡಿ. ತಾಯಿಯ ಕೆನ್ನೆಯ ಮೂಳೆ ಕಾಣುತ್ತಿತ್ತು. ಗಂಡ ಸತ್ತವಳು, ಇಳಿಯದೆ ಇರುತ್ತಾಳೆಯೇ ಅಂದರು. ಮಗಳ ಅಂಗಿಯ ಗುಂಡಿ ಕಿತ್ತು ಬರುತ್ತಿತ್ತು. ಬೆಳೆಯೋ ವಯಸ್ಸು ಅಂದರು. ಮುಳ್ಳೇ ಎಲ್ಲ ಸರಿಯಿದೆ ಅಂತ ಹೇಳುವಾಗ ಸ್ವಂತ ಕಣ್ಣನ್ನು ನಂಬುವ ದಡ್ಡರು ಯಾರು?

ಆ ಕೊನೆಯ ತೊಂಬತ್ತೈದರ ಭಾನುವಾರ ನರ್ಸಮ್ಮ, ತೂಕ ಕಾಪಾಡಿಕೊಂಡ ಮನೆಗೆ ಮೆಚ್ಚುಗೆಗೆ ಕೊಡುವ ಹಸಿರು ಬಣ್ಣದ ಕಾರ್ಡೊಂದನ್ನು ಹಿಡಿದುಕೊಂಡು ಬಂದರು. "ಆರು ತಿಂಗಳು, ಒಂದು ಕಿಲೋ ಆಚೀಚೆ ಬಿಟ್ಟರೆ ಏರಿಲ್ಲ, ಇಳಿದಿಲ್ಲ. ಇಂಥ ಕಷ್ಟದಲ್ಲೂ ಮನೆ ಅಂದ್ರೆ ಹೀಗಿರಬೇಕು. ಎರಡು ಮಾತಾಡಮ್ಮ," ಅಂದರು.

"ಏನು ಮಾತಾಡ್ಲಿ ನರ್ಸಮ್ಮ," ಅಂದಳು ತೂಕದಕ್ಕ. ಅವಳಿಗೆ ಮನೆಗೆ ಹೋಗಬೇಕಿತ್ತು. ಹಲಗೆಯಿಂದ ಇಳಿದು ತಿರುಗಿದರೆ ಪುಟ್ಟಿಯ ಚಪ್ಪಲಿಯ ಪಟ್ಟಿ ಕಬ್ಬಿಣದ ಸಂದಿಗೆ ಸಿಕ್ಕಿಕೊಂಡಿತ್ತು. ತೂಕದಕ್ಕ ಯೋಚಿಸದೆ ಮಗಳ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿ ನೆಲಕ್ಕೆ ಇಳಿಸಿದಳು.

ನಲವತ್ತೆರಡು ಅಂದಿತು ಕೈ.

ಅವಳು ನಿಂತಲ್ಲೇ ನಿಂತಳು. ಕೈ ತಪ್ಪುವುದಿಲ್ಲ. ಮತ್ತೊಮ್ಮೆ ಎತ್ತಿದಳು, ಇಳಿಸಿದಳು. ನಲವತ್ತೆರಡೇ. ಹಾಗಾದರೆ ತೊಂಬತ್ತೈದರಲ್ಲಿ ಉಳಿದದ್ದು, ಕೋಟೂ ಸೇರಿ, ಐವತ್ತಮೂರೇ? ಗಂಡ ಹೋದಾಗ ಇದ್ದ ಅರವತ್ತೊಂದು ಕಿಲೋದ ಹೆಂಗಸು ಎಲ್ಲಿ ಹೋದಳು?

ಕೋಟು ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟು ಒಬ್ಬಳೇ ಹಲಗೆ ಹತ್ತಿದಳು. ಮುಳ್ಳು ಓಲಾಡಿ ಐವತ್ತೆರಡರ ಒಂದು ಕೂದಲೆಳೆ ಕೆಳಗೆ ನಿಂತಿತು. ನರ್ಸಮ್ಮನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮುಳ್ಳು ಸರಕ್ಕನೆ ಅರವತ್ತಕ್ಕೆ ಹಾರಿತು. ನೋಡಿದರೆ ಪುಟ್ಟಿ ಹಲಗೆಯ ಅಂಚಿಗೆ ಎರಡೂ ಅಂಗೈ ಊರಿ, ಇದ್ದಬದ್ದ ಬಲವೆಲ್ಲ ಹಾಕಿ ಒತ್ತುತ್ತಿದ್ದಳು.

"ಏನೇ ಮಾಡ್ತಿದ್ದೀಯ?"

"ಇಳೀತಿದೆಯಲ್ಲಮ್ಮ! ಇಳೀಬಾರ್ದು!" ಪುಟ್ಟಿ ಕಿರುಚಿದಳು. "ಅಪ್ಪಂದು ಇಳೀತು, ಎಲ್ಲಾರೂ ಚಪ್ಪಾಳೆ ಹೊಡೆದ್ರು, ಆಮೇಲೆ ಅಪ್ಪ ಸತ್ತೋದ್ರು."

ತೂಕದಕ್ಕ ಇಳಿದು ಮಗಳ ಮುಂದೆ ಮಂಡಿಯೂರಿ ಕೂತಳು.

"ನೀನು ಊಟ ಮಾಡಲ್ಲ," ಪುಟ್ಟಿ ಬಿಕ್ಕುತ್ತಾ ಹೇಳಿದಳು. "ಸುಮ್ಮನೆ ನಲ್ಲಿ ನೋಡ್ತೀಯ. ಅದಕ್ಕೇ ನಿಂದೂ ನಾನೇ ತಿಂದೆ. ಮುಳ್ಳು ಅಲ್ಲೇ ಇರಲಿ ಅಂತ. ಇವತ್ತು ಎರಡು ಚೊಂಬು ನೀರೂ ಕುಡ್ಕೊಂಡು ಬಂದಿದ್ದೀನಿ. ಹೊಟ್ಟೆ ನೋಯುತ್ತೆ, ಆದ್ರೂ ತಿಂದೆ."

ನರ್ಸಮ್ಮ ಹಸಿರು ಕಾರ್ಡನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಚೀಲಗಳ ರಾಶಿಯ ಮೇಲೆ ಕುಸಿದು ಕೂತರು. "ನನ್ನ ಬುದ್ಧಿಗಿಷ್ಟು ಮಣ್ಣು ಹಾಕ," ಅಂದರು. "ನಾಳೆ ಬೆಳಿಗ್ಗೆ ಇಬ್ಬರೂ ನನ್ನ ಹತ್ತಿರ ಬರಬೇಕು. ಡಾಕ್ಟರಿಗೆ ತೋರಿಸೋಣ. ತಪ್ಪಿಸಬೇಡಮ್ಮ." ತೂಕದಕ್ಕ ಹೂಂ ಅಂದಳು. ಎದೆಯಲ್ಲಿ ಏನಾದರೂ ಆಗುತ್ತದೆ ಅಂತ ಕಾದಳು, ಏನೂ ಆಗಲಿಲ್ಲ. ಕೈಯಲ್ಲಿ ಮಾತ್ರ ನಲವತ್ತೆರಡು ಕಿಲೋ ಇನ್ನೂ ತೂಗುತ್ತಲೇ ಇತ್ತು.

ಮನೆಗೆ ಬಂದರು. ಬೆಳಿಗ್ಗೆ ಮಾಡಿಟ್ಟ ಅನ್ನ, ತರಕಾರಿ ಇತ್ತು. ಎರಡು ತಟ್ಟೆಗೆ ಬಡಿಸಿ, ಈ ಸಲ ನಲ್ಲಿಗೆ ಬೆನ್ನು ಹಾಕಿ ಕೂತಳು. ಪುಟ್ಟಿಯ ಕೈ ಅಭ್ಯಾಸಬಲದಿಂದ ತಾಯಿಯ ತಟ್ಟೆಗೆ ಬಂತು.

"ಅದು ನಂದು," ಅಂದಳು ತೂಕದಕ್ಕ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಪುಟ್ಟಿ ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದಳು.

ತುತ್ತು ಇಳಿಯಲಿಲ್ಲ. "ಥೂ, ಏನೇ ಇದು! ಬಾಯಿಗೆ ಇಡೋಕಾಗಲ್ಲ, ಈ ಪಾಟಿ ಉಪ್ಪು! ನೀನೇನಾದ್ರೂ ಹಾಕಿದ್ಯಾ?"

"ಇಲ್ಲಮ್ಮ. ನೀನೇ ಹಾಕೋದು. ದಿನಾ ಹೀಗೇ ಇರುತ್ತೆ."

"ದಿನಾನಾ? ಯಾವತ್ತಿಂದ?"

"ಅಪ್ಪ ಹೋದಾಗಿಂದ."

ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಎರಡು ತಟ್ಟೆ, ಆರು ತಿಂಗಳು. ತೂಕದಕ್ಕ ತಟ್ಟೆಯನ್ನು ದೂರ ತಳ್ಳಿದಳು. "ಒಂದು ಮಾತು ಹೇಳೋದಲ್ವೇನೇ, ನನ್ನ ತಾಯಿ?"

"ನೀನು ತಿಂತಿರಲಿಲ್ವಲ್ಲಮ್ಮ. ಉಪ್ಪು ಅಂದ್ರೆ ಅಡುಗೆ ಮಾಡೋದೂ ಬಿಟ್ಟುಬಿಟ್ರೆ?"

ಆಗ ಬಂತು ಅಳು. ಆರು ತಿಂಗಳದ್ದು, ಅಂತಿಂಥದ್ದಲ್ಲ. ಹೊಟ್ಟೆಯ ತಳದಿಂದ ಕಿತ್ತುಕೊಂಡು ಬಂತು. ಪುಟ್ಟಿ ಹೆದರಿ ಅವಳ ಬೆನ್ನು ಸವರುತ್ತಾ ಕೂತಳು. ಅತ್ತು ಮುಗಿದ ಮೇಲೆ ತೂಕದಕ್ಕ ಎರಡೂ ತಟ್ಟೆಯದ್ದನ್ನು ಕಸಕ್ಕೆ ಸುರಿದು, ಒಲೆ ಹಚ್ಚಿ, ಪುಟ್ಟ ಪಾತ್ರೆಯಲ್ಲಿ ಹೊಸದಾಗಿ ತರಕಾರಿ ಬೇಯಲು ಇಟ್ಟಳು. ಮಗಳನ್ನು ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿ ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು.

"ಎಷ್ಟು ಹಾಕ್ಲಮ್ಮ?"

ಚೀಲ ಎತ್ತಿ ಕಾಲು ಕಿಲೋ ವ್ಯತ್ಯಾಸ ಹೇಳುವ ತೂಕದಕ್ಕನಿಗೆ ಒಂದು ಚಿಟಿಕೆ ಎಷ್ಟು ಅಂತ ನೆನಪಾಗಲಿಲ್ಲ.

"ಸ್ವಲ್ಪ ಹಾಕು," ಅಂದಳು. "ನಾನು ರುಚಿ ನೋಡಿ ಹೇಳ್ತೀನಿ."