ಕಳ್ಳಿಗೆ ಹಾಕಿದ ನೀರು

ನಿಜಾಮನ ಪೊಲೀಸರು ಪಾಮನಕಲ್ಲೂರಿಗೆ ಬರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಾಳೆಮ್ಮ ತನ್ನ ತಮ್ಮ ತಂದಿಟ್ಟಿದ್ದ ಬಂದೂಕನ್ನು ಹಿತ್ತಲ ಬೇಲಿಯಲ್ಲಿ ಹೂತು, ಮೇಲೆ ಹೂಬಿಟ್ಟ ಪಾಪಸುಕಳ್ಳಿಯನ್ನು ನೆಟ್ಟಳು. ಆ ಮುಳ್ಳಿಗೆ ಕೈಹಾಕುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಮಧ್ಯಾಹ್ನ ಬಂದವರು ಒಲೆ, ಬಣವೆ ಎಲ್ಲ ಕೆದರಿದರು. ಬರಿಗೈಯಲ್ಲಿ ಹೊರಟಿದ್ದ ಜಮಾದಾರ ಬೇಲಿಯ ಬಳಿ ನಿಂತುಬಿಟ್ಟ. ಸುತ್ತಲಿನ ನೆಲವೆಲ್ಲ ಬಿಸಿಲಿಗೆ ಬಿರಿದಿತ್ತು. ಒಂದು ಕಳ್ಳಿಯ ಬುಡ ಮಾತ್ರ ಹಸಿಹಸಿ.

ಏನು ನೆಟ್ಟರೂ ಒಂದು ತಂಬಿಗೆ ನೀರೆರೆಯುವುದು ಗಾಳೆಮ್ಮನ ಕೈಗಂಟಿದ ರೂಢಿ.

"ನೀರು ಹೆಚ್ಚಾದ್ರ ಕೊಳೆಯೋ ಕಳ್ಳಿಗೆ ಯಾರರ ನೀರು ಹಾಕ್ತಾರೇನಬೇ ಯವ್ವಾ?" ಜಮಾದಾರ ನಕ್ಕ. "ಗುದ್ದಲಿ ತಗೊಂಬಾ."