ಮೀನಿಲ್ಲದ ಎಣ್ಣೆ

ಮತ್ತೆ ನೀರು, ಈಗಷ್ಟೇ ಕುಡಿದಳು, ಲೋಟದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಡಿದಳು, ಎರಡು ವರ್ಷದ ಕೂಸು, ನನ್ನ ತಂಗಿಯ ಮಗಳು, ಗದ್ದ ಒರೆಸುವ ಮೊದಲೇ ಮಾಮಾ ನೀರ — ಕೊಡುತ್ತೇನೆ ಕಸ್ತೂರಿ, ನಿನಗೆ ಕೊಡಬಹುದಾದದ್ದು ಅದೊಂದೇ, ಅದೂ ನಿಲ್ಲುವುದಿಲ್ಲ, ರಕ್ತದಲ್ಲಿ ಸುಣ್ಣ ಏರಿದರೆ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು, ಕುಡಿದದ್ದೆಲ್ಲ ಹರಿದುಹೋಗುತ್ತದೆ, ಇದನ್ನು ಈ ಪಡಸಾಲೆಯಲ್ಲಿ ಯಾರಿಗೆ ಹೇಳಲಿ, ಕಂಬಕ್ಕೆ ಒರಗಿದ ಇವಳ ಅಜ್ಜಿ ಶೇಖರಮ್ಮನಿಗೆ ಹೇಳಲೇ, ಬೆಳಿಗ್ಗೆ ನಾನು ಹಾಲಿನ ಬಟ್ಟಲು ಕಸಿದು ಅಂಗಳಕ್ಕೆ ಚೆಲ್ಲಿದಾಗಿನಿಂದ ಒಂದೇ ಸಮನೆ ಗೊಣಗುತ್ತಿದ್ದಾಳೆ, ಹೈದರಾಬಾದಿನಾಗ ಓದಿ ಬಂದಾನ ನಮ್ಮ ಬೀಗ, ಹಾಲು ವಿಷ ಅಂತಾನ, ಕೂಸು ಬಡಕಲಾಗ್ಯಾದ, ಉಪಾಸ ಕೆಡವಾಕ ನಿಂತಾನ ಸೋದರಮಾವ. ಹಾಲು ವಿಷವಲ್ಲ, ವಿಷ ಹಾಕಿದವರು ನೀವು, ಚಳಿಗಾಲದಲ್ಲಿ ಕಾಲು ಬಾಗಿದೆಯೆಂದು ಲಿಂಗಸುಗೂರಿನ ಡಾಕ್ಟರು ಹೇಳಿದ್ದು ಮೀನೆಣ್ಣೆ, ದಿನಕ್ಕೊಂದು ಚಮಚ — ಲಿಂಗ ಕಟ್ಟಿದ ಕೂಸಿನ ಬಾಯಾಗ ಮೀನ ಹಾಕಂತಾನಲ್ಲ, ಅವನ ಬಾಯಾಗ ಮಣ್ಣ ಹಾಕ, ಎಂದಳು ಈ ಮುದುಕಿ, ಮಗ ಅಮರಗುಂಡಪ್ಪ ತಾಯಿಯ ಮಾತು ಮೀರುವವನಲ್ಲ, ಕಾಲುವೆ ಕೆಲಸ ಶುರುವಾದ ಮೇಲೆ ಸಿಂಧನೂರಿನಲ್ಲಿ ತೆರೆದ ಔಷಧಿ ಅಂಗಡಿಯಲ್ಲಿ ಮೀನಿಲ್ಲದ್ದು ಕೊಡ್ರಿ ಎಂದು ಕೇಳಿ ತಂದ, ವಾಸನೆಯಿಲ್ಲ, ಮೈಲಿಗೆಯಿಲ್ಲ, ಮೀನೆಣ್ಣೆಯ ಒಂದು ಚಮಚದ ಡಿ ಜೀವಸತ್ವ ಅದರ ಒಂದೆರಡು ಹನಿಯಲ್ಲಿ, ಎಣ್ಣೆ ಬದಲಾಯಿತು, ಚಮಚ ಹಾಗೇ ಉಳಿಯಿತು, ಇಡೀ ಬೇಸಿಗೆ, ಹಣೆಗೆ ವಿಭೂತಿ ಹಚ್ಚಿ ತುಂಬಿದ ಚಮಚ, ಮೀನಿನ ನಾತವಾದರೂ ಇದ್ದಿದ್ದರೆ ಕೂಸೇ ಉಗುಳುತ್ತಿತ್ತು. ಇದು ಹನಿ ಲೆಕ್ಕದ ಔಷಧ ಮಾಸ್ತರ್, ಎಂದರು ನಿನ್ನೆ ಡಾಕ್ಟರು, ಹಾಲು ನಿಲ್ಲಿಸಿ, ನೀರು ಕೊಡಿ, ಮೂತ್ರಪಿಂಡ ಉಳಿದರೆ ಕೂಸು ಉಳಿಯುತ್ತದೆ. ಬಾಟಲಿಯನ್ನು ತಿಪ್ಪೆಗೆ ಎಸೆದೆ, ಏನು ಬಂತು, ಆ ಸತ್ವ ನೀರಿನಲ್ಲಿ ಕರಗುವಂಥದ್ದಲ್ಲ, ಯಕೃತ್ತಿನಲ್ಲಿ, ತೊಡೆಯ ಕೊಬ್ಬಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಇಷ್ಟಿಷ್ಟೇ ರಕ್ತಕ್ಕೆ ಇಳಿಯುತ್ತದೆ, ಹಾಲಿನ ಸುಣ್ಣವನ್ನೆಲ್ಲ ಕರುಳಿನಿಂದ ಎಳೆದುಕೊಳ್ಳುತ್ತದೆ, ಸಾಲದೆ ಎಲುಬಿನದನ್ನೂ ಕೀಳುತ್ತದೆ, ಎಲುಬು ಗಟ್ಟಿಯಾಗಲೆಂದು ತಂದದ್ದು ಎಲುಬನ್ನೇ ತಿನ್ನುತ್ತದೆ, ತಿಂದದ್ದನ್ನು ಮೂತ್ರಪಿಂಡದಲ್ಲಿ ಬಿಡುತ್ತದೆ, ಮಸ್ಕಿಯ ಬಾವಿನೀರು ಕಾಸಿದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ, ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು, ಇದನ್ನು — ಬಿಸಿಲಿನಲ್ಲಿ ಆಡಿದ ಕೂಸಿಗೆ ಹೀಗಾಗುವುದಿಲ್ಲ, ಚರ್ಮ ಅದೇ ಸತ್ವವನ್ನು ಬೇಕಾದಷ್ಟು ಮಾಡಿಕೊಂಡು ನಿಲ್ಲಿಸುತ್ತದೆ, ಚರ್ಮಕ್ಕಿರುವ ಬುದ್ಧಿ ಈ ಮನೆಗಿಲ್ಲ. ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳನ್ನು ಲಿಂಗಸುಗೂರಿಗೆ ಕರೆದೊಯ್ಯುತ್ತೇನೆ, ನನ್ನ ಮನೆಯಲ್ಲಿ ಹಾಲಿನ ಕ್ಯಾನು ಬಾಗಿಲು ದಾಟದು, ತಂಗಿ ಶಿವಬಸಮ್ಮ ಅತ್ತೆಯ ಕಡೆ ನೋಡದೆಯೇ ತಲೆಯಾಡಿಸಿದ್ದಾಳೆ, ಹೂಂ ಅಣ್ಣಾ, ಬರತೀನಿ — ಅವಳೊಬ್ಬಳು ನನ್ನ ಮಾತು ತಿಳಿದಿದ್ದಾಳೆ, ಅಷ್ಟು ಸಾಕು. ಮಾಮಾ ನೀರ. ತರುತ್ತೇನೆ ಕಸ್ತೂರಿ, ತರುತ್ತೇನೆ, ಹಿತ್ತಲಿಗೆ ಹೋಗಿ ಹರವಿಯಿಂದ ತಂಬಿಗೆ ತುಂಬಿಸಿ ಬರುತ್ತಿದ್ದೇನೆ, ಮುದುಕಿ ಎದ್ದುಹೋಗಿದ್ದಾಳೆ, ತಂಗಿ ಒಬ್ಬಳೇ, ಕೂಸು ಅವಳ ತೊಡೆಯ ಮೇಲೆ, ಸೆರಗಿನ ಕೆಳಗೆ ಏನೋ ಸರಿಸಿದಳು, ಹಸದಿತ್ತು ಅಣ್ಣಾ, ಅಳಾಕತ್ತಿತ್ತು, ಒಂದ ಗುಟುಕ, ಅತ್ತಿ ಕೊಟ್ಟಿದ್ದಲ್ಲ, ನಾನ — ತಂಬಿಗೆ ಕೈಯಲ್ಲೇ ಇದೆ, ಕೂಸು ನೀರು ಕೇಳಲಿಲ್ಲ, ನನ್ನ ನೋಡಿ ನಕ್ಕಿತು, ಮೇಲ್ದುಟಿಯ ಮೇಲೆ ಬಿಳಿ ಗೆರೆ, ಬಿಳಿ ಗೆರೆ